ಹಾಳೆ ಶೆಡ್ಡಿನ ಹದಿನೆಂಟನೆಯ ಹೆಸರು

ಪುತ್ತೂರಿನಿಂದ ಸುಬ್ರಹ್ಮಣ್ಯ ರೋಡಿಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಎಡಬದಿಯ ಒಂದು ಕಿಟಕಿ ಮಹಾಗಣಪತಿಯವರದು. ಹಾಗೆಂದು ಎಲ್ಲಿಯೂ ಬರೆದಿಲ್ಲ, ರೈಲ್ವೆಯವರಿಗೆ ಈ ವಿಷಯ ಗೊತ್ತೂ ಇಲ್ಲ. ಆದರೂ ದಿನಾ ಹೋಗುವವರು ಯಾರೂ ಅಲ್ಲಿ ಕೂರುವುದಿಲ್ಲ. ತಿಳಿಯದೆ ಕೂತ ಯಾತ್ರಿಕರನ್ನು, ‘ಅಲ್ಲಿ ಒಬ್ರು ಕನಸು ಕಾಣ್ಲಿಕ್ಕೆ ಬರ್ತಾರೆ, ಸ್ವಲ್ಪ ಆಚೆ ಹೋಗಿ ಮಾರಾಯ್ರೆ’ ಎಂದು ಎಬ್ಬಿಸಿದ್ದೂ ಉಂಟು.

ಕನಸು ಕಾಣುವುದು ಮಹಾಗಣಪತಿಯವರಿಗೆ ಹುಟ್ಟಿನಿಂದ ಬಂದ ಗುಣ. ಶಾಲೆಯಲ್ಲಿ ಅವರ ಹಾಜರಿ ಕರೆದರೆ ಪಕ್ಕದವನು ‘ಎಸ್ ಸಾರ್’ ಹೇಳಬೇಕಿತ್ತು. ಸ್ವಂತ ಮದುವೆಯಲ್ಲಿ ಪುರೋಹಿತರು ‘ಕೈ ಕೊಡಿ’ ಎಂದಾಗ ಅವರು ಚಪ್ಪರದ ತೂತಿನಿಂದ ಬಿದ್ದ ಬಿಸಿಲಿನ ಕೋಲನ್ನು ನೋಡುತ್ತಾ ನಿಂತಿದ್ದರು. ಕೊನೆಗೆ ಹೆಂಡತಿ ಕೌಸಲ್ಯಾ ತಾನೇ ಅವರ ಕೈ ಹಿಡಿದುಕೊಂಡಳು. ಅಂದಿನಿಂದ ಇಂದಿನವರೆಗೆ ಸಂಸಾರ ನಡೆದಿರುವುದು ಅದೇ ಕ್ರಮದಲ್ಲಿ. ವಯಸ್ಸು ಐವತ್ತೊಂದಾದರೂ ಆ ಗುಣ ಬಿಟ್ಟುಹೋಗಿಲ್ಲ. ಎಡಮಂಗಲ ಕಳೆದು ಕುಮಾರಧಾರೆಯ ಸೇತುವೆ ಬರುವಾಗ ಹೊಳೆಯ ಮೇಲೆ ಮಂಜು ಕೂತಿರುತ್ತದೆ. ಗಾಲಿಗಳ ಸದ್ದು ಒಮ್ಮೆಲೇ ಬೇರೆಯಾಗುತ್ತದೆ. ಆ ಹೊತ್ತಿನಲ್ಲಿ ಮಹಾಗಣಪತಿಯವರು ಈ ಲೋಕದಲ್ಲಿ ಇರುವುದಿಲ್ಲ. ಇಳಿಯಬೇಕಾದ ಕೋಡಿಂಬಾಳ ದಾಟಿ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿರುವ ನೆಟ್ಟಣದವರೆಗೆ ಹೋಗಿ, ಅಲ್ಲಿ ಒಂದು ಚಾ ಕುಡಿದು, ಜೀಪು ಹಿಡಿದು ವಾಪಸು ಬಂದದ್ದು ಎಷ್ಟು ಸಲವೆಂದು ಅವರೇ ಲೆಕ್ಕ ಇಟ್ಟಿಲ್ಲ.

ಕೋಡಿಂಬಾಳದಿಂದ ಕಡಬಕ್ಕೆ ಹೋಗುವ ರಸ್ತೆಯಲ್ಲಿ ಅವರು ಕೆಲಸ ಮಾಡುವ ಹಾಳೆ ತಟ್ಟೆಯ ಕಾರ್ಖಾನೆ. ಊರಿನ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ ಪಿಕಪ್ಪಿನಲ್ಲಿ ಬಂದು ಬೀಳುತ್ತದೆ. ತೊಟ್ಟಿಯಲ್ಲಿ ನೆನೆಯುತ್ತದೆ, ಉಜ್ಜಿಸಿಕೊಳ್ಳುತ್ತದೆ, ಒಣಗುತ್ತದೆ, ಬಿಸಿ ಅಚ್ಚಿನ ಕೆಳಗೆ ಸಿಕ್ಕಿ ತಟ್ಟೆಯಾಗಿ ಹಡಗು ಹತ್ತುತ್ತದೆ. ಕಾರ್ಖಾನೆ ಕಟ್ಟಿದವರು ಪೋಕರ್ ಹಾಜಿ. ಈಗ ನೋಡಿಕೊಳ್ಳುವುದು ಅವರ ಮಗ ಶಾನವಾಝ್. ಮಹಾಗಣಪತಿ ಅಲ್ಲಿ ಹದಿನೇಳು ವರ್ಷಗಳಿಂದ ಇದ್ದಾರೆ. ಹಾಜರಿ, ಸಂಬಳ, ರಜೆ, ನೇಮಕ ಎಲ್ಲ ಅವರ ಮೇಜಿನ ಮೇಲೆಯೇ. ಮೊದಲು ಅದನ್ನು ರೈಟರ್ ಕೆಲಸ ಎನ್ನುತ್ತಿದ್ದರು. ಈಗ ಬಾಗಿಲಿನ ಮೇಲೆ ‘ಎಚ್.ಆರ್. ಮ್ಯಾನೇಜರ್’ ಎಂಬ ಫಲಕ ಬಂದಿದೆ. ಫಲಕ ಬಂದ ದಿನ ಕೆಲಸದವರೆಲ್ಲ ಸಾಲಾಗಿ ಬಂದು ನೋಡಿ, ಚೆಂದ ಉಂಟು ಎಂದು ಹೇಳಿ, ಮರುದಿನದಿಂದ ಎಂದಿನಂತೆ ‘ರೈಟ್ರೇ’ ಎಂದೇ ಕರೆದರು.

ಎಐ ಬಂದದ್ದು ಹೋದ ವರ್ಷ. ಶಾನವಾಝ್ ಮಂಗಳೂರಿನಲ್ಲಿ ರಫ್ತುದಾರರ ಸಭೆಗೆ ಹೋಗಿ ಬಂದವರು ಅದನ್ನು ಆಫೀಸಿನ ಕಂಪ್ಯೂಟರಿಗೂ ಮಹಾಗಣಪತಿಯವರ ಮೊಬೈಲಿಗೂ ಹಾಕಿಸಿಕೊಟ್ಟರು.

‘ಭಟ್ರೆ, ನಿಮ್ಮ ಅರ್ಧ ಕೆಲಸ ಇನ್ನು ಇದೇ ಮಾಡ್ತದೆ. ನೀವು ಕೇಳಿದ್ರೆ ಆಯ್ತು, ಅದು ಬರೀತದೆ.’

‘ಕನ್ನಡದಲ್ಲಿ?’

‘ಕನ್ನಡದಲ್ಲಿಯೂ. ಎಂತ ಬೇಕಾದ್ರೂ ಕೇಳಿ.’

ಎಂತ ಬೇಕಾದರೂ ಕೇಳುವುದಕ್ಕೆ ಒಂದು ಸಲಿಗೆ ಬೇಕಲ್ಲ. ಯಾರೋ ಏನೋ ಎಂದು ಗೊತ್ತಿಲ್ಲದವನಿಗೆ ‘ಬರಿ’ ಎಂದು ಹುಕುಂ ಮಾಡಲು ಮಹಾಗಣಪತಿಯವರಿಗೆ ಬಾಯಿ ಬರಲಿಲ್ಲ. ಅವರ ಕಡೆಯವರಲ್ಲಿ ಎಂತ ಬೇಕಾದರೂ ಕೇಳಬಹುದಾದ, ಕೇಳಿದ ಮೇಲೆ ತಮಾಷೆಯನ್ನೂ ಮಾಡಬಹುದಾದ ನಂಟ ಒಬ್ಬನೇ: ಭಾವ. ಹಾಗೆ ಎರಡು ದಿನ ಯೋಚಿಸಿ ಮೂರನೆಯ ದಿನ ಅವರು ಟೈಪು ಮಾಡಿದರು: ‘ಭಾವ, ಒಂದು ನೇಮಕಾತಿ ಪತ್ರ ಆಗಬೇಕಿತ್ತು.’ ಪತ್ರ ಬಂತು. ಅಂದಿನಿಂದ ಅದು ಭಾವ. ಮನೆಯಲ್ಲಿಯೂ ಭಾವ ಹಾಗೆ ಹೇಳಿದ, ಭಾವ ಹೀಗೆ ಬರೆದ ಎಂದು ಶುರುವಾಯಿತು. ಕೌಸಲ್ಯಾ, ‘ನಿಂಗೊಗೆ ಎನ್ನ ಅಣ್ಣ ಒಬ್ಬ ಸಾಲದಾ?’ ಎಂದು ಕೇಳಿದಳು.

ಹದಿನೇಳು ವರ್ಷ ಮೂರೇ ನಮೂನೆಯ ಪತ್ರ ಬರೆದು ಕೈ ಜಡ್ಡುಗಟ್ಟಿದ ಮನುಷ್ಯನಿಗೆ ಭಾವನ ಸಹವಾಸ ಹೊಸ ಲೋಕವನ್ನೇ ತೆರೆಯಿತು. ಎಚ್ಚರಿಕೆ ಪತ್ರಗಳಿಗೆ ಮರ್ಯಾದೆ ಬಂತು. ಬೋನಸ್ಸಿನ ನೋಟೀಸು ಓದಲು ಜನ ನಿಂತರು. ರೈಲಿನಲ್ಲಿ ಕೂತಾಗ ಮಹಾಗಣಪತಿ ಆಫೀಸಿಗೆ ಬೇಡದ್ದನ್ನೂ ಕೇಳತೊಡಗಿದರು. ಒಂದು ದಿನ ಸೇತುವೆಯ ಮೇಲೆ, ಕಾರಣವೇ ಇಲ್ಲದೆ ರಜೆ ಬೇಕಾದವನಿಗೆ ಒಂದು ಅರ್ಜಿ ಬರೆದುಕೊಡು ಎಂದರು. ಭಾವ ಬರೆದ: ‘ಮಾನ್ಯರೇ, ನಾಳೆ ನನಗೆ ಯಾವ ಕೆಲಸವೂ ಇಲ್ಲ. ಆ ಕೆಲಸವಿಲ್ಲದಿರುವಿಕೆಯನ್ನು ಹೊಳೆಯ ಬದಿಯಲ್ಲಿ ಕುಳಿತು ಶ್ರದ್ಧೆಯಿಂದ ನಿರ್ವಹಿಸಬೇಕಾಗಿರುವುದರಿಂದ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ.’ ಮಹಾಗಣಪತಿ ಅದನ್ನು ಪ್ರಿಂಟು ತೆಗೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು. ಯಾರಿಗೂ ಕೊಡಲಿಲ್ಲ. ಆದರೆ ಅದು ಅಲ್ಲಿದೆ ಎಂಬ ನೆನಪೇ ಅವರಿಗೆ ಸುಖ ಕೊಡುತ್ತಿತ್ತು.

ಈ ಸುಖಕ್ಕೆ ಕಲ್ಲು ಬಿದ್ದದ್ದು ತೊಳೆಯುವ ಯಂತ್ರದಿಂದ. ಹಾಳೆ ಉಜ್ಜುವ ಹೊಸ ಯಂತ್ರ ಬರುವುದಿತ್ತು. ಹಾಳೆ ಶೆಡ್ಡಿನಲ್ಲಿ ಕೆಲಸ ಮಾಡುವವರು ಹದಿನೆಂಟು ಜನ. ಯಂತ್ರ ಬಂದರೆ ಹದಿನೇಳು ಸಾಕು.

‘ಒಬ್ರು ಕಡಿಮೆ ಮಾಡ್ಬೇಕಾಗ್ತದೆ ಭಟ್ರೆ’ ಎಂದರು ಶಾನವಾಝ್. ಹೇಳುವಾಗ ಅವರ ಮುಖ ಅಷ್ಟು ಚೆನ್ನಾಗಿರಲಿಲ್ಲ. ‘ಕೊಡ್ಬೇಕಾದ್ದೆಲ್ಲ ಕೊಟ್ಟೇ ಕಳಿಸುದು. ಆದ್ರೆ ಯಾರು ಅಂತ ನಾನು ಬೆರಳು ತೋರಿಸುದಿಲ್ಲ. ಹೊರದೇಶದ ಗಿರಾಕಿಗೂ ಬರವಣಿಗೆಯಲ್ಲಿ ಬೇಕು, ಯಾವ ಆಧಾರದಲ್ಲಿ ತೆಗ್ದದ್ದು ಅಂತ. ನೀವು ಎಐ ಹತ್ರ ಕೇಳಿ ನ್ಯಾಯವಾಗಿ ಮಾಡಿ.’

ಯಂತ್ರಕ್ಕೆ ಜಾತಿ ಇಲ್ಲ, ನಂಟಸ್ತಿಕೆ ಇಲ್ಲ, ಯಾರ ಮನೆಯ ಪಾಯಸದ ಋಣವೂ ಇಲ್ಲ. ನ್ಯಾಯಕ್ಕೆ ಇನ್ನೇನು ಬೇಕು ಎಂದು ಮಹಾಗಣಪತಿಗೂ ಅನ್ನಿಸಿತು. ಭಾವ ಐದು ಪ್ರಶ್ನೆಗಳನ್ನು ಮಾಡಿಕೊಟ್ಟ. ಪ್ರತಿಯೊಬ್ಬರೂ ತಮ್ಮ ಬಗ್ಗೆ ತಾವೇ ಹೇಳಬೇಕು. ಮಹಾಗಣಪತಿ ಅದನ್ನು ಅಕ್ಷರ ತಪ್ಪದೆ ಬರೆದುಕೊಳ್ಳಬೇಕು. ಉತ್ತರಗಳನ್ನೂ ಹಾಜರಿಯನ್ನೂ ನೋಡಿ ಭಾವ ಒಂದರಿಂದ ಹದಿನೆಂಟರವರೆಗೆ ಪಟ್ಟಿ ಮಾಡುತ್ತಾನೆ.

ಗುರುವಾರ ಅವರು ತೊಟ್ಟಿಯ ಬದಿಯಲ್ಲಿ ಕುರ್ಚಿ ಹಾಕಿ ಕೂತರು. ಒಬ್ಬರು ಹೋಗಬೇಕಾಗುತ್ತದೆ ಎಂಬ ಸುದ್ದಿ ಶೆಡ್ಡಿಗೆ ಅವರಿಗಿಂತ ಮೊದಲೇ ತಲುಪಿತ್ತು. ರೂಪೇಶ್ ಎನ್ನುವ ಹುಡುಗ ಮಂಗಳೂರಿನ ಮಾಲ್ ಒಂದರಲ್ಲಿ ಎರಡು ವರ್ಷ ಇದ್ದು ಬಂದವನು. ಇಂಥ ಪ್ರಶ್ನೆಗಳಿಗೆ ಉತ್ತರ ಹೇಗೆ ಕೊಡಬೇಕೆಂದು ಅವನಿಗೆ ಗೊತ್ತಿತ್ತು. ಕ್ವಾಲಿಟಿ ಚೆಕ್, ಟೀಮ್ ವರ್ಕ್ ಎಂದು ಇಂಗ್ಲಿಷ್ ಸೇರಿಸಿ ಹೇಳಿದ. ಎಲ್ಲರಿಗಿಂತ ಹಿರಿಯ ಗುರುವಪ್ಪ, ‘ಹತ್ತೊಂಬತ್ತು ವರ್ಷ ಆಯ್ತು, ಪೋಕರ್ ಹಾಜಿಗಳ ಕಾಲದಿಂದ ಕಟ್ಟು ಕಟ್ಟುದು’ ಎಂದರು. ಉಜ್ಜಿದ ಹಾಳೆಯನ್ನು ಇಪ್ಪತ್ತೈದರ ಕಟ್ಟು ಕಟ್ಟಿ ಒಣಗಲು ಕಳಿಸುವುದು ಅವರ ಕೆಲಸ. ಉಳಿದವರೆಲ್ಲ ನಾಚಿಕೊಂಡು, ಸೆರಗು ತಿರುಚಿಕೊಂಡು, ಮೇಲೆ ಕೆಳಗೆ ನೋಡಿ, ನಾಲ್ಕು ನಾಲ್ಕು ಮಾತು ಹೇಳಿದರು.

ಪೂವಮ್ಮ ಬಂದು ನಿಂತಳು. ಸುಳ್ಯ ತಾಲೂಕಿನ ಪಂಜದ ಆಚೆಯವಳು, ಅರೆಭಾಷೆ ಗೌಡರ ಮನೆಯ ಹೆಂಗಸು. ಗಂಡ ಮೇದಪ್ಪ ತೀರಿಹೋದ ಮೇಲೆ ಅಣ್ಣನ ಮನೆಯಲ್ಲಿ ಇದ್ದಾಳೆ. ಶೆಡ್ಡಿಗೆ ಸೇರಿ ಹನ್ನೊಂದು ವರ್ಷ.

‘ನಿಮ್ಮ ವಿಶೇಷ ಕೌಶಲ ಏನು?’ ಎಂದು ಮಹಾಗಣಪತಿ ಓದಿದರು.

‘ನಂಗೆ ಎಂತ ಗೊತ್ತುಂಟು ರೈಟ್ರೇ? ಹಾಳೆ ತೊಳಿಯುದು, ಅಷ್ಟೇ.’

‘ಸಂಸ್ಥೆಗೆ ನಿಮ್ಮ ಕೊಡುಗೆ?’

‘ಕೊಡುದು ಧಣಿಗಳಲ್ವ? ನಾವು ತಕ್ಕೊಳ್ಳುದು.’

‘ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣಬಯಸುತ್ತೀರಿ?’

ಪೂವಮ್ಮ ತೊಟ್ಟಿಯ ನೀರು ನೋಡಿದಳು. ‘ಇಲ್ಲೇ. ಅಣ್ಣನ ಮನೆಯಲ್ಲಿ ಎಲ್ರೂ ಒಳ್ಳೆಯವ್ರೇ ರೈಟ್ರೇ. ಆದ್ರೆ ಅಲ್ಲಿ ನಾನು ಇದ್ರೂ ಆಯ್ತು, ಇಲ್ಲದಿದ್ರೂ ಆಯ್ತು. ಇಲ್ಲಿ ಒಂದು ದಿನ ಬರದಿದ್ರೆ ಹತ್ತು ಜನ ಕೇಳ್ತಾರೆ, ಪೂವಕ್ಕ ಎಲ್ಲಿ ಅಂತ.’

ಪ್ರಾಮಾಣಿಕ ಗುಮಾಸ್ತರಾದ ಮಹಾಗಣಪತಿ ಎಲ್ಲವನ್ನೂ ಅಕ್ಷರ ತಪ್ಪದೆ ಬರೆದುಕೊಂಡರು. ಶುಕ್ರವಾರ ಭಾವನಿಗೆ ಕೊಟ್ಟರು. ಚಾ ತಣಿಯುವುದರೊಳಗೆ ಪಟ್ಟಿ ಬಂತು. ಮೊದಲನೆಯವನು ರೂಪೇಶ್. ಗುರುವಪ್ಪ ನಾಲ್ಕನೆಯವರು. ಹದಿನೆಂಟನೆಯ ಹೆಸರು ಪೂವಮ್ಮ. ಎದುರಿಗೆ ಷರಾ: ‘ವಿಶೇಷ ಕೌಶಲವಿಲ್ಲವೆಂದು ಸ್ವತಃ ಒಪ್ಪಿಕೊಂಡಿದ್ದಾರೆ. ಸಂಸ್ಥೆಗೆ ಕೊಡುಗೆ ಇಲ್ಲವೆಂದಿದ್ದಾರೆ. ನಾಲ್ಕು ತಿಂಗಳಿಂದ ಕೆಲಸದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಬರುತ್ತಿದ್ದಾರೆ, ಕಾರಣ ಸ್ಪಷ್ಟವಿಲ್ಲ.’

ಮಹಾಗಣಪತಿ ಷರಾವನ್ನು ಇನ್ನೊಮ್ಮೆ ಓದಿದರು. ಆದರೆ ಕಾಗದದಲ್ಲಿ ತಪ್ಪು ಕಾಣಲಿಲ್ಲ. ಅವಳು ಹೇಳಿದ್ದು ಹೌದು, ತಾವು ಬರೆದದ್ದು ಹೌದು. ಬೇಗ ಬರುವುದು ಬಸ್ಸಿನ ಸಮಯದಿಂದ ಇರಬಹುದು. ಪಟ್ಟಿಯನ್ನು ಶಾನವಾಝ್‌ಗೆ ಕಳಿಸಿದರು. ಅವರು ಓದಿ, ‘ಸೋಮವಾರ ಪತ್ರ ಕೊಡಿ’ ಎಂದು ಉತ್ತರ ಹಾಕಿದರು. ಬಿಡುಗಡೆಯ ಪತ್ರವನ್ನೂ ಭಾವನೇ ಬರೆದ. ಎಷ್ಟು ಚೆಂದದ ಪತ್ರವೆಂದರೆ ಸಂಜೆ ರೈಲಿನಲ್ಲಿ ಮಹಾಗಣಪತಿ ಅದನ್ನು ಎರಡು ಸಲ ಓದಿ ಮೆಚ್ಚಿಕೊಂಡರು. ಮೂರನೆಯ ಸಲ ಓದುವಾಗ ಮೇಲಿನ ಹೆಸರು ಕಣ್ಣಿಗೆ ಬಿದ್ದು, ಮಡಚಿ ಚೀಲದಲ್ಲಿ ಇಟ್ಟರು.

ಭಾನುವಾರ ಮಧ್ಯಾಹ್ನಕ್ಕೆ ನಿಜವಾದ ಭಾವ ಬಂದ. ಕೌಸಲ್ಯಾಳ ಅಣ್ಣ ಮುರಳಿಕೃಷ್ಣ. ಬಾಳೆಲೆ ಹಾಕಿ ಕೂರಿಸಿದ ಕೌಸಲ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಂದಿನ ಮಾತು ಹೇಳಿದಳು.

‘ಎಂತದೂ ಮಾಡಿದ್ದಿಲ್ಲೆ ಅಣ್ಣ. ಬರೇ ಒಂದು ಸಾರು.’

ಆಮೇಲೆ ಬಂದದ್ದು ತಂಬುಳಿ, ಎರಡು ಪಲ್ಯ, ಕೊದಿಲು, ಅನಾನಸಿನ ಮೆಣಸ್ಕಾಯಿ, ಪತ್ರೊಡೆ, ಹಲಸಿನ ಹಪ್ಪಳ. ಸಾರು ಕೂಡ ಬಂತು. ಮುರಳಿಕೃಷ್ಣ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ‘ಬೇಡ ಬೇಡ, ಹೊಟ್ಟೆ ತುಂಬಿತ್ತು’ ಎಂದ. ಕೌಸಲ್ಯಾ ಆ ಕೈಗಳ ಸಂದಿನಿಂದಲೇ ಪಾಯಸ ಸುರಿದಳು. ಅವನು ಅದನ್ನು ಉಂಡು ಇನ್ನೊಂದು ಸೌಟಿಗೆ ಕಾದ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಮರ್ಯಾದೆಯಿಂದ ನಡೆದುಕೊಂಡಿದ್ದರು, ಅಷ್ಟೆ.

ಮಹಾಗಣಪತಿಯವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕನಸು ಶುರುವಾಗಿತ್ತು. ಪಂಕ್ತಿಯ ಕೊನೆಯಲ್ಲಿ ಇನ್ನೊಂದು ಎಲೆ. ಅಲ್ಲಿ ಮುಖವಿಲ್ಲದ, ಮೈಯಿಲ್ಲದ ಆ ಇನ್ನೊಬ್ಬ ಭಾವ ಕೂತಿದ್ದಾನೆ. ಕೌಸಲ್ಯಾ, ಎಂತದೂ ಮಾಡಿಲ್ಲ ಎನ್ನುತ್ತಾಳೆ. ಅವನು ವಿನಯದಿಂದ ತಲೆಯಾಡಿಸಿ, ಎಲೆ ಮಡಚಿ, ಎದ್ದು ಅಂಗಳ ದಾಟಿ ಹೋಗುತ್ತಾನೆ. ಹಸಿದ ಹೊಟ್ಟೆಯಲ್ಲಿ ಬರೆಯುತ್ತಾನೆ: ‘ಅಡುಗೆ ಮಾಡಿಲ್ಲವೆಂದು ಮನೆಯೊಡತಿ ಸ್ವತಃ ಒಪ್ಪಿಕೊಂಡಿದ್ದಾರೆ.’

ಮಹಾಗಣಪತಿ ಗಟ್ಟಿಯಾಗಿ ನಕ್ಕರು. ನಗು ಅರ್ಧಕ್ಕೆ ನಿಂತಿತು. ಅಯ್ಯೋ ದೇವರೇ, ನಾನು ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡರು. ಆ ಯಂತ್ರದ ಭಾವ ಪರವೂರಿನವನು, ಅವನಿಗೆ ಗೊತ್ತಿಲ್ಲ. ತನಗೆ ಗೊತ್ತಿರಲಿಲ್ಲವೇ? ಇದೇ ನೀರು ಕುಡಿದು ಇದೇ ಪಂಕ್ತಿಯಲ್ಲಿ ಉಂಡು ಬೆಳೆದವನು, ಈ ಸೀಮೆಯ ಹೆಂಗಸಿನ ಹತ್ತಿರ ಹೋಗಿ ನಿನ್ನನ್ನು ನೀನೇ ಹೊಗಳಿಕೋ ಎಂದು ಕೇಳಿದೆನಲ್ಲ. ಕೇಳಿ, ಅವಳು ಮರ್ಯಾದೆಗೆ ಹೇಳಿದ್ದನ್ನು ಅವಳ ಮೇಲೆಯೇ ಸಾಕ್ಷಿ ಮಾಡಿದೆನಲ್ಲ.

ಸೋಮವಾರ ರೈಲಿನಲ್ಲಿ ಚೀಲ ಮಡಿಲಲ್ಲಿ ಇಟ್ಟುಕೊಂಡು ಅವರು ಮೊಬೈಲಿನ ಭಾವನಿಗೆ ಎಲ್ಲ ಬರೆದರು. ಸಾರು, ಪತ್ರೊಡೆ, ಅಡ್ಡ ಹಿಡಿದ ಕೈ, ಎಲ್ಲ. ಭಾವನ ಉತ್ತರ ಬಂತು: ‘ಇದು ನನಗೆ ತಿಳಿದಿರಲಿಲ್ಲ. ನಾನು ಮಾತನ್ನು ಮಾತಿನಷ್ಟಕ್ಕೇ ತೆಗೆದುಕೊಂಡೆ. ನಿಮ್ಮ ಊರಿನವರು ತಮ್ಮ ಬಗ್ಗೆ ಹೇಳಿಕೊಳ್ಳುವುದಿಲ್ಲ ಎಂದಾದರೆ, ಆ ಪಟ್ಟಿಯನ್ನು ನಂಬಬೇಡಿ. ಅವರು ಯಾರ ಬಗ್ಗೆ ಮನಬಿಚ್ಚಿ ಮಾತಾಡುತ್ತಾರೆ?’

ಯಾರ ಬಗ್ಗೆ? ಮಹಾಗಣಪತಿಗೆ ನಗು ಬಂತು. ಇನ್ನೊಬ್ಬರ ಬಗ್ಗೆ! ಈ ಸೀಮೆಯಲ್ಲಿ ಇನ್ನೊಬ್ಬರ ಬಗ್ಗೆ ಕೇಳಿದರೆ ಬಸ್ಸು ತಪ್ಪಿದರೂ ಮಾತು ಮುಗಿಯುವುದಿಲ್ಲ. ಸೇತುವೆ ಯಾವಾಗ ಬಂತು, ಯಾವಾಗ ಹೋಯಿತು ಎಂದು ಆ ದಿನ ಅವರಿಗೆ ತಿಳಿಯಲಿಲ್ಲ. ಆದರೆ ಕೋಡಿಂಬಾಳದಲ್ಲಿ ಎಲ್ಲರಿಗಿಂತ ಮೊದಲು ಇಳಿದರು.

ಶೆಡ್ಡಿನಲ್ಲಿ ಆವಿ ತುಂಬಿತ್ತು. ನೆಂದ ಹಾಳೆಯ ವಾಸನೆ, ತೊಟ್ಟಿಯ ನೀರಿನ ಮೇಲೆ ತಗಡಿನ ಸಂದಿನಿಂದ ಬಿದ್ದ ಬಿಸಿಲು. ಅವರು ಮತ್ತೆ ಕುರ್ಚಿ ಹಾಕಿದರು. ಈ ಸಲ ಒಂದೇ ಪ್ರಶ್ನೆ.

‘ನೀವು ರಜೆ ಹಾಕಿದ ದಿನ ನಿಮ್ಮ ಕೆಲಸ ಯಾರ ಕೈಗೆ ಕೊಟ್ಟು ಹೋಗ್ತೀರಿ? ಯಾಕೆ?’

ಗುರುವಾರ ಬಾಯಿಗೆ ಬೀಗ ಹಾಕಿಕೊಂಡಿದ್ದವರೆಲ್ಲ ಇವತ್ತು ಬಿಚ್ಚಿಕೊಂಡರು. ಒಬ್ಬಳು ತನ್ನ ಕೆಲಸ ಬಿಟ್ಟು ಬಂದು ಇನ್ನೊಬ್ಬಳ ಉತ್ತರಕ್ಕೆ ಸೇರಿಸಿದಳು. ಹೆಸರುಗಳು ಬಂದವು, ಮತ್ತೆ ಮತ್ತೆ ಅದೇ ಹೆಸರು ಬಂತು.

‘ಪೂವಕ್ಕನ ಕೈಗೆ. ಬೇರೆ ಯಾರಿಗೆ ಕೊಡುದು? ಎರಡು ಬೆರಳಲ್ಲಿ ಹೀಗೆ ಹಾಳೆಗೆ ಬಡೀತಾರೆ ನೋಡಿ, ಶಬ್ದದಲ್ಲೇ ಗೊತ್ತಾಗ್ತದೆ ಅವ್ರಿಗೆ, ಒಳಗೆ ಪಸೆ ಉಂಟಾ ಇಲ್ವಾ ಅಂತ.’

‘ಹಾಳೆಗೆ ಬೂಸ್ಟು ಹಿಡಿದದ್ದು ನಮ್ಮ ಕಣ್ಣಿಗೆ ಕಾಣ್ಲಿಕ್ಕೆ ಎರಡು ದಿನ ಬೇಕು. ಪೂವಕ್ಕನ ಮೂಗಿಗೆ ಇವತ್ತೇ ಗೊತ್ತಾಗ್ತದೆ.’

‘ಪಿಕಪ್ ಬಂದ್ರೆ ಇದು ಯಾರ ತೋಟದ ಹಾಳೆ ಅಂತ ಹೇಳ್ತಾರೆ ಮಾರಾಯ್ರೆ, ಡ್ರೈವರ್ ಹೇಳುವ ಮೊದಲೇ.’

ರೂಪೇಶ್ ತಲೆ ಕೆರೆದುಕೊಂಡು ಬಂದ. ‘ರೈಟ್ರೇ, ಕ್ವಾಲಿಟಿ ಚೆಕ್ ಮಾಡುದು ನಾನು ಅಂತ ಬರೆಸಿದ್ದೆ ಅಲ್ವಾ? ಚೆಕ್ ಮಾಡುದು ಪೂವಕ್ಕ. ಅವ್ರು ಹೇಳಿದ್ದನ್ನು ಪುಸ್ತಕದಲ್ಲಿ ಬರಿಯುದು ನಾನು. ಅದು ಹೇಳ್ಲಿಕ್ಕೆ ಬಿಟ್ಟುಹೋಗಿತ್ತು.’

ಹನ್ನೊಂದು ಜನ ಪೂವಮ್ಮನ ಹೆಸರು ಹೇಳಿದರು. ಪೂವಮ್ಮ ಮಾತ್ರ ಕೇಳಿದ ಕೂಡಲೇ ಗುರುವಪ್ಪನ ಹೆಸರು ಹೇಳಿದಳು.

‘ಗುರುವಣ್ಣನ ಹಾಗೆ ಕಟ್ಟು ಕಟ್ಲಿಕ್ಕೆ ಯಾರಿಗೂ ಬರುದಿಲ್ಲ ರೈಟ್ರೇ. ಈಗಲೂ ದಿನಕ್ಕೆ ನಲ್ವತ್ತು ಕಟ್ಟು. ಬರ್ಕೊಳ್ಳಿ, ನಲ್ವತ್ತು.’ ತನ್ನ ಬಗ್ಗೆ ಒಂದು ಮಾತು ಹೇಳಲಾರದ ಹೆಂಗಸು ಲೆಕ್ಕ ಬರೆದುಕೊಳ್ಳುವವರೆಗೆ ಅಲ್ಲಿಂದ ಕದಲಲಿಲ್ಲ.

ಕೊನೆಗೆ ಉಳಿದವರು ಗುರುವಪ್ಪ. ಅವರು ಬಂದು ಎದುರಿಗೆ ಕೂತು, ಎರಡೂ ಕೈ ಮುಂದೆ ಚಾಚಿದರು. ಬಲಗೈಯ ಬೆರಳುಗಳು ಮರದ ತುಂಡಿನಂತೆ ನೆಟ್ಟಗಿದ್ದವು.

‘ನನ್ನ ಕೆಲಸ ಇನ್ನು ಯಾರ ಕೈಗೂ ಕೊಡ್ಲಿಕ್ಕೆ ಇಲ್ಲ ರೈಟ್ರೇ. ಕೊಟ್ಟಾಗಿದೆ.’

‘ಅಂದ್ರೆ?’

‘ನಾಲ್ಕು ತಿಂಗಳಾಯ್ತು, ಈ ಬೆರಳು ಮಡಚುದಿಲ್ಲ. ಪೂವಮ್ಮ ಮೊದಲನೇ ಬಸ್ಸಿಗೆ ಬಂದು ನನ್ನ ನಲ್ವತ್ತು ಕಟ್ಟು ಕಟ್ಟಿ ಇಡುದು. ಮತ್ತೆ ನಾನು ಬಂದು ಅದರ ಹತ್ರ ಕೂತುಕೊಳ್ಳುದು. ಯಾರಿಗೂ ಹೇಳ್ಬೇಡಿ ಅಂತ ಅವಳೇ ನಂಗೆ ಹೇಳಿದ್ದು. ಗುರುವಣ್ಣ ಕೂತಿದ್ರೆ ಶೆಡ್ಡಿಗೆ ಒಂದು ಧೈರ್ಯ ಅಂತೆ.’

ಮಹಾಗಣಪತಿಗೆ ಪಟ್ಟಿಯ ಷರಾ ನೆನಪಾಯಿತು. ಒಂದು ಗಂಟೆ ಮೊದಲೇ ಬರುತ್ತಿದ್ದಾರೆ, ಕಾರಣ ಸ್ಪಷ್ಟವಿಲ್ಲ. ಆ ಹಾಜರಿಯನ್ನು ನಾಲ್ಕು ತಿಂಗಳು ದಿನಾ ನೋಡಿ ಸಹಿ ಹಾಕಿದ್ದು ತಾವೇ. ಒಂದು ದಿನವೂ, ಯಾಕಮ್ಮ ಇಷ್ಟು ಬೇಗ ಎಂದು ಕೇಳಿರಲಿಲ್ಲ.

‘ಒಬ್ರು ಹೋಗ್ಲಿಕ್ಕೆ ಉಂಟು ಅಂತ ನಮಗೆಲ್ಲ ಗೊತ್ತುಂಟು’ ಎಂದರು ಗುರುವಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ‘ನೀವು ಯಂತ್ರದ ಹತ್ರ ಕೇಳಿದ್ರಿ. ನನ್ನ ಹತ್ರ ಕೇಳ್ಬಹುದಿತ್ತು. ನಾನೇ ಹೋಗ್ತೇನೆ ಅಂತ ಹೇಳ್ತಿದ್ದೆ.’

ಮಹಾಗಣಪತಿ ಪೆನ್ನು ಕೆಳಗಿಟ್ಟರು. ತಪ್ಪಾಯ್ತು ಗುರುವಣ್ಣ ಎಂದರು. ಹದಿನೇಳು ವರ್ಷದ ನೌಕರಿಯಲ್ಲಿ ಅವರ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು.

ಹದಿನೆಂಟು ಉತ್ತರಗಳನ್ನು ಅವರು ಭಾವನಿಗೆ ಕೊಡಲಿಲ್ಲ. ಕೈಬರಹದ ಹಾಳೆಗಳನ್ನೇ ಹಿಡಿದು ಶಾನವಾಝ್ ಮುಂದೆ ನಿಂತು ಒಂದೊಂದಾಗಿ ಓದಿದರು. ಗುರುವಪ್ಪನ ಉತ್ತರಕ್ಕೆ ಬಂದಾಗ ಶಾನವಾಝ್ ಎದ್ದು ಕಿಟಕಿಯ ಹತ್ತಿರ ಹೋದರು. ಶಾಲೆಗೆ ರಜೆ ಇದ್ದಾಗಲೆಲ್ಲ ಆ ಮನುಷ್ಯನ ಹೆಗಲ ಮೇಲೆ ಕೂತು ಶೆಡ್ಡು ಸುತ್ತಿದವರು ಅವರು. ಅಲ್ಲಿಂದಲೇ, ‘ಆ ಪಟ್ಟಿ ಹರಿದು ಹಾಕಿ ಭಟ್ರೆ. ಗಿರಾಕಿಗೆ ಇದನ್ನೇ ಕಳಿಸುವ. ಓದಿ ಅರ್ಥ ಮಾಡಿಕೊಳ್ಳಲಿ’ ಎಂದರು. ತಾವೇ ಶೆಡ್ಡಿಗೆ ಹೋಗಿ ಗುರುವಪ್ಪನ ಕೈ ಹಿಡಿದುಕೊಂಡು ಕೂತರು. ಏನು ಮಾತಾಡಿದರೆಂದು ಯಾರಿಗೂ ಕೇಳಲಿಲ್ಲ. ಪೂವಮ್ಮ ಮಾತ್ರ ತೊಟ್ಟಿಯ ಆಚೆಯಿಂದ, ‘ನಿಮ್ಮ ಹತ್ರ ಯಾರು ಹೇಳ್ಲಿಕ್ಕೆ ಹೇಳಿದ್ದು ಗುರುವಣ್ಣ? ಬಾಯಿ ಮುಚ್ಚಿ ಕೂರ್ಲಿಕ್ಕೆ ಆಗುದಿಲ್ವಾ ನಿಮ್ಗೆ?’ ಎಂದು ಬೈದಳು. ಬೈಯುವಾಗ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಗುರುವಪ್ಪನ ಪತ್ರವನ್ನು ಮಹಾಗಣಪತಿ ಕೈಯಲ್ಲೇ ಬರೆದರು. ಕೆಲಸ ಬಿಡಲು ಕಾರಣ ಎಂಬ ಕಡೆ ಬಂದಾಗ ಪೆನ್ನು ನಿಲ್ಲಿಸಿ, ‘ಇನ್ನು ಎಂತ ಮಾಡ್ತೀರಿ ಗುರುವಣ್ಣ?’ ಎಂದು ಕೇಳಿದರು.

‘ಮಗಳ ಮನೆ ನೆಟ್ಟಣದಲ್ಲಿ. ಸ್ಟೇಷನ್ನಿನ ಹತ್ರವೇ. ಗಾಡಿ ಘಾಟಿ ಹತ್ತುದು ನೋಡಿಕೊಂಡು ಕೂರ್ಬೇಕು ಅಂತ ಬಹಳ ವರ್ಷದ ಆಸೆ.’

ಮಹಾಗಣಪತಿಗೆ ಹೊಟ್ಟೆಕಿಚ್ಚಾಯಿತು. ಕಾರಣದ ಜಾಗದಲ್ಲಿ ‘ರೈಲು ನೋಡಲಿಕ್ಕೆ’ ಎಂದು ಬರೆದು ಮೊಹರು ಒತ್ತಿದರು. ಡ್ರಾಯರಿನಲ್ಲಿದ್ದ ರಜೆ ಅರ್ಜಿಯನ್ನೂ ಹೊರಗೆ ತೆಗೆದು, ‘ನಾಳೆ’ ಹೊಡೆದು ‘ಶನಿವಾರ’ ಎಂದು ತಿದ್ದಿ, ತಮ್ಮ ಸಹಿ ಮಾಡಿ ಶಾನವಾಝ್ ಅವರ ಮೇಜಿನ ಮೇಲೆ ಇಟ್ಟು ಬಂದರು.

ಇನ್ನು ಪೂವಮ್ಮ ಬಾಕಿ ಇದ್ದಳು. ಕರೆಸಿದರು. ಚೀಲದಿಂದ ಕಾಗದ ತೆಗೆಯುವುದನ್ನು ನೋಡಿ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಬಂದದ್ದು ಬರಲಿ ಎಂಬಂತೆ ನಿಂತಳು. ಮಹಾಗಣಪತಿ ಆ ಚೆಂದದ ಪತ್ರವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಇನ್ನೊಂದು ಹಾಳೆ ಎಳೆದುಕೊಂಡರು.

‘ಪೂವಮ್ಮ, ಹೊಸ ಯಂತ್ರ ಬಂದ ಮೇಲೆ ಶೆಡ್ಡು ನೋಡಿಕೊಳ್ಳಲಿಕ್ಕೆ ಒಬ್ರು ಬೇಕು. ಯಾವ ಹಾಳೆ ಒಳಗೆ ಹೋಗ್ಬೇಕು, ಯಾವುದು ಬೇಡ ಅಂತ ಹೇಳುವವ್ರು. ಶೆಡ್ಡಿನಲ್ಲಿ ಹನ್ನೊಂದು ಜನ ನಿಮ್ಮ ಹೆಸರು ಹೇಳಿದ್ದಾರೆ. ಧಣಿಗಳೂ ಒಪ್ಪಿದ್ದಾರೆ. ನೀವು ಎಂತ ಹೇಳ್ತೀರಿ?’

ಪೂವಮ್ಮ ನೆಲ ನೋಡಿದಳು. ಸೆರಗಿನ ತುದಿ ತಿರುಚಿದಳು. ಬಾಗಿಲಿನ ಹೊರಗೆ ರೂಪೇಶ್‌ ಮತ್ತು ಇನ್ನೂ ನಾಲ್ಕು ಜನ ಕಿವಿಗೊಟ್ಟು ನಿಂತಿದ್ದರು.

‘ನಂಗೆ ಎಂತ ಗೊತ್ತುಂಟು ರೈಟ್ರೇ?’ ಎಂದಳು. ಮತ್ತೆ ಕೇಳಿದಳು: ‘ನಾಳೆಯೂ ಮೊದಲನೇ ಬಸ್ಸಿಗೇ ಬರುದಾ?’

ಮಹಾಗಣಪತಿ ಹಾಳೆಯ ಮೇಲೆ ಬರೆದರು: ‘ಒಪ್ಪಿದ್ದಾರೆ.’